ಹಸುಳೆಗಳ ತಲೆಬುರುಡೆ, ಮಿದುಳಿನ ಜನ್ಮಜಾತ ದೋಷಗಳು: ಶಸ್ತ್ರಚಿಕಿತ್ಸೆ ಯಾವುದಕ್ಕೆ, ಯಾವಾಗ, ಎಲ್ಲಿ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಪಟ್ಟಣಗಳು ರಾಜಧಾನಿ ಬೆಂಗಳೂರಿನಿಂದ ಸರಿಸುಮಾರು 60ರಿಂದ 80 ಕಿಲೋಮೀಟರ್ ದೂರದಲ್ಲಿವೆ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ ಮೇಲೆ ಆಡಳಿತ ಹತ್ತಿರ ಬಂದಿತು; ಆದರೆ ಹುಟ್ಟಿದ ಮಗುವಿನ ಮಿದುಳಿಗೆ ಶಸ್ತ್ರಚಿಕಿತ್ಸೆ ಬೇಕೆಂದಾಗ ಈ ನಾಲ್ಕೂ ತಾಲ್ಲೂಕುಗಳ ಕುಟುಂಬಗಳು ಸಾಮಾನ್ಯವಾಗಿ ಹಿಡಿಯುವುದು ಬೆಂಗಳೂರಿನ ದಾರಿಯನ್ನೇ. ದೂರ ಎರಡು ತಾಸಿನದು. ಆ ಎರಡು ತಾಸಿನ ಪ್ರಯಾಣ ಮಗುವಿಗೆ ಮೂರು ದಿನವಾದಾಗ ಆರಂಭವಾಗುತ್ತದೆಯೋ, ಮೂರು ತಿಂಗಳಾದಾಗಲೋ, ಒಂದು ವರ್ಷ ಕಳೆದ ಮೇಲೋ ಎಂಬುದರ ಮೇಲೆ ಮಗುವಿನ ಮುಂದಿನ ಬದುಕು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಶಸ್ತ್ರಚಿಕಿತ್ಸೆ ನಡೆಯುವುದು ನಗರದಲ್ಲಿ, ನಿಜ. ದೋಷವನ್ನು ಗುರುತಿಸಬೇಕಾದುದು ಮಾತ್ರ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ, ಅಂಗನವಾಡಿಯಲ್ಲಿ, ಬಾಣಂತಿಯ ಮನೆಯಲ್ಲಿ.

ನೆತ್ತಿ ಹೇಳುವ ಮಾತು

ನವಜಾತ ಶಿಶುವಿನ ತಲೆಬುರುಡೆ ಒಂದೇ ಮೂಳೆಯ ಬಟ್ಟಲಲ್ಲ. ಹಲವು ಮೂಳೆ ಫಲಕಗಳು ಹೊಲಿಗೆಯಂತಹ ಸಂದುಗಳಲ್ಲಿ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಸಂದುಗಳು ಕೂಡುವ ಕಡೆ ಮೃದುವಾದ ತೆರಪು ಇರುತ್ತದೆ. ಮುಂಭಾಗದ ದೊಡ್ಡ ತೆರಪನ್ನೇ ನಾವು ನೆತ್ತಿ ಎನ್ನುವುದು. ಹಿಂಭಾಗದ ಚಿಕ್ಕ ತೆರಪು ಮೊದಲ ಎರಡು ಮೂರು ತಿಂಗಳಲ್ಲಿ ಮುಚ್ಚಿಕೊಂಡರೆ, ಮುಂದಿನ ನೆತ್ತಿ ಸಾಮಾನ್ಯವಾಗಿ ಒಂದು ವರ್ಷದಿಂದ ಒಂದೂವರೆ ವರ್ಷದೊಳಗೆ ಮುಚ್ಚುತ್ತದೆ. ಒಳಗಿನ ಮಿದುಳು ಬೆಳೆದಂತೆ ಬುರುಡೆಯೂ ಹಿಗ್ಗಲೆಂದೇ ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು.

ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 33ರಿಂದ 35 ಸೆಂಟಿಮೀಟರ್. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು ಸುಮಾರು 1 ಸೆಂ.ಮೀ., ಅನಂತರದ ಆರು ತಿಂಗಳು ಅರ್ಧ ಸೆಂ.ಮೀ. ಗತಿಯಲ್ಲಿ ಅದು ಬೆಳೆಯುತ್ತದೆ. ಅಳೆಯಲು ಬೇಕಾದುದು ಹಿಗ್ಗದ ಒಂದು ಅಳತೆಪಟ್ಟಿ ಮಾತ್ರ. ಹುಬ್ಬುಗಳ ಮೇಲಿನಿಂದ ಹಿಂದಲೆಯ ಅತ್ಯಂತ ಉಬ್ಬಿದ ಭಾಗದ ಮೇಲೆ ಸುತ್ತಿದರಾಯಿತು. ಒಂದು ಸಲದ ಅಳತೆಗಿಂತ ತಿಂಗಳು ತಿಂಗಳಿನ ಅಳತೆ ಹೆಚ್ಚು ಮಾತನಾಡುತ್ತದೆ. ತೂಕವನ್ನು ತಪ್ಪದೆ ಬರೆದಿಡುವ ನಾವು ತಲೆಯ ಸುತ್ತಳತೆಯನ್ನು ಅಷ್ಟು ಶ್ರದ್ಧೆಯಿಂದ ಬರೆದಿಡುವುದಿಲ್ಲ ಎಂಬುದು ವಿಷಾದದ ಸಂಗತಿ.

ನಮ್ಮ ಕಡೆ ಬಾಣಂತನದಲ್ಲಿ ಮಗುವಿನ ನೆತ್ತಿಗೆ ಹರಳೆಣ್ಣೆ ಒತ್ತುವ ಅಜ್ಜಿಯರು ಇದ್ದಾರೆ. ನೆತ್ತಿ ಮಿಡಿಯುತ್ತಿದೆಯೆ, ಕುಳಿ ಬಿದ್ದಿದೆಯೆ, ಬಿಗಿದುಕೊಂಡಿದೆಯೆ ಎಂಬುದು ಅವರ ಬೆರಳಿಗೆ ತಿಳಿಯುತ್ತದೆ. ಅಳದೆ ಶಾಂತವಾಗಿ ಎತ್ತಿ ಹಿಡಿದಿರುವ ಮಗುವಿನ ನೆತ್ತಿ ಉಬ್ಬಿ ಬಿಗಿದಿದ್ದರೆ ಅದು ಅಜ್ಜಿಯ ಮದ್ದಿನಿಂದ ಇಳಿಯುವಂಥದಲ್ಲ. ಮಗುವನ್ನು ಅಂದೇ ವೈದ್ಯರಿಗೆ ತೋರಿಸಬೇಕು.

ನರನಾಳ ಮುಚ್ಚದಿದ್ದಾಗ

ಗರ್ಭಧಾರಣೆಯಾದ ಮೂರನೆಯ ಮತ್ತು ನಾಲ್ಕನೆಯ ವಾರದಲ್ಲಿ ಭ್ರೂಣದ ಬೆನ್ನಿನ ಮೇಲಿನ ಒಂದು ಪದರ ಮಡಚಿಕೊಂಡು ಕೊಳವೆಯಾಗುತ್ತದೆ. ಇದೇ ನರನಾಳ. ಇದರ ಮೇಲ್ತುದಿ ಮಿದುಳಾಗಿಯೂ ಉಳಿದ ಭಾಗ ಬೆನ್ನುಹುರಿಯಾಗಿಯೂ ರೂಪುಗೊಳ್ಳುತ್ತವೆ. ಸುಮಾರು 28ನೆಯ ದಿನದ ಹೊತ್ತಿಗೆ ಕೊಳವೆಯ ಎರಡೂ ತುದಿಗಳು ಮುಚ್ಚಿಬಿಡಬೇಕು.

ಮೇಲ್ತುದಿ ಮುಚ್ಚದಿದ್ದರೆ ಮಿದುಳಿನ ಬಹುಭಾಗ ಮತ್ತು ಬುರುಡೆಯ ಮೇಲ್ಛಾವಣಿ ರೂಪುಗೊಳ್ಳುವುದೇ ಇಲ್ಲ. ಇದಕ್ಕೆ ಯಾವ ಚಿಕಿತ್ಸೆಯೂ ಇಲ್ಲ, ಮಗು ಉಳಿಯುವುದಿಲ್ಲ. ಬುರುಡೆಯ ಮೂಳೆಯಲ್ಲಿ ಕಿಂಡಿ ಉಳಿದು, ಅದರ ಮೂಲಕ ಮಿದುಳಿನ ಪೊರೆ, ಕೆಲವೊಮ್ಮೆ ಮಿದುಳಿನ ಅಂಶವೂ ಚೀಲದಂತೆ ಹೊರಚಾಚಿದರೆ ಅದು ಎನ್‌ಸೆಫಲೋಸೀಲ್. ಸಾಮಾನ್ಯವಾಗಿ ಹಿಂದಲೆಯಲ್ಲಿ, ಕೆಲವರಲ್ಲಿ ಮೂಗಿನ ಬುಡದಲ್ಲಿ ಇದು ಕಾಣಿಸುತ್ತದೆ. ಮೂಗಿನ ಬುಡದ ಮೆತ್ತನೆಯ ಗಂಟನ್ನು ಸಾಮಾನ್ಯ ಗಡ್ಡೆಯೆಂದು ಬಗೆದು ಸೂಜಿ ಚುಚ್ಚುವುದು, ಕತ್ತರಿಸುವುದು ಅಪಾಯಕಾರಿ, ಏಕೆಂದರೆ ಸೋಂಕು ನೇರವಾಗಿ ಮಿದುಳಿಗೆ ತಲುಪಬಲ್ಲದು. ಶಸ್ತ್ರಚಿಕಿತ್ಸೆಯಲ್ಲಿ ಚೀಲವನ್ನು ತೆರೆದು, ಕೆಲಸ ಮಾಡದ ಅಂಗಾಂಶವನ್ನು ತೆಗೆದು, ಕೆಲಸ ಮಾಡಬಲ್ಲುದನ್ನು ಸಾಧ್ಯವಾದಷ್ಟು ಒಳಗಿರಿಸಿ, ಪೊರೆಯನ್ನು ನೀರು ಸೋರದಂತೆ ಹೊಲಿಯಲಾಗುತ್ತದೆ. ಚೀಲದಲ್ಲಿ ಮಿದುಳಿನ ಅಂಶ ಎಷ್ಟಿದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಚೀಲದ ಗಾತ್ರ ನೋಡಿ ಹೆದರಬೇಕಾದುದಿಲ್ಲ. ಬರಿಯ ನೀರು ತುಂಬಿದ ದೊಡ್ಡ ಚೀಲದ ಮಗು ಚೆನ್ನಾಗಿ ಬೆಳೆಯುವುದುಂಟು.

ಕೆಳತುದಿ ಮುಚ್ಚದಿದ್ದರೆ ಬೆನ್ನಿನ ಮೇಲೆ ತೆಳುವಾದ ಪೊರೆಯ ಗಾಯದಂತೆ ಬೆನ್ನುಹುರಿ ತೆರೆದುಕೊಂಡಿರುತ್ತದೆ. ದೋಷ ಬೆನ್ನಿನದಾದರೂ ತಲೆಗೂ ಇದಕ್ಕೂ ಬಿಡಿಸಲಾಗದ ನಂಟಿದೆ. ಹಿಂದಲೆಯ ಕೆಳಗಿನ ಮಿದುಳಿನ ಭಾಗ ಕತ್ತಿನೊಳಕ್ಕೆ ಜಾರಿ ದ್ರವದ ದಾರಿಗೆ ಅಡ್ಡವಾಗುವುದರಿಂದ ಇಂಥ ಮಕ್ಕಳಲ್ಲಿ ಬಹುಪಾಲಿಗೆ ಮಿದುಳಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಬೆನ್ನಿನ ಗಾಯವನ್ನು ಹುಟ್ಟಿದ 48ರಿಂದ 72 ಗಂಟೆಯೊಳಗೆ ಮುಚ್ಚುವುದು ರೂಢಿ. ಅಷ್ಟರವರೆಗೆ ಮಗುವನ್ನು ಬೋರಲಾಗಿ ಅಥವಾ ಪಕ್ಕಕ್ಕೆ ಮಲಗಿಸಿ, ಗಾಯದ ಮೇಲೆ ಲವಣಜಲದಲ್ಲಿ ತೋಯಿಸಿದ ಶುದ್ಧ ಬಟ್ಟೆ ಹೊದಿಸಿ ಸಾಗಿಸಬೇಕು. ಅರಿಸಿನ, ಪುಡಿ, ಮುಲಾಮು ಯಾವುದೂ ಕೂಡದು. ಪೋಷಕರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ: ಈ ಶಸ್ತ್ರಚಿಕಿತ್ಸೆ ಸೋಂಕನ್ನು ತಡೆಯುತ್ತದೆ, ಉಳಿದಿರುವ ಶಕ್ತಿಯನ್ನು ಕಾಯುತ್ತದೆ, ಕಾಲುಗಳಲ್ಲಿ ಆಗಲೇ ಹೋಗಿರುವ ಬಲವನ್ನು ಮರಳಿಸುವುದಿಲ್ಲ. ಮೂತ್ರಕೋಶದ ಆರೈಕೆ ಜೀವನಪರ್ಯಂತದ್ದು. ಅದನ್ನು ಕಡೆಗಣಿಸಿದರೆ ಮಿದುಳು ಉಳಿದ ಮಗು ಮೂತ್ರಪಿಂಡ ಕೆಟ್ಟು ನರಳಬೇಕಾಗುತ್ತದೆ.

ಮಗು ಗರ್ಭದಲ್ಲಿರುವಾಗಲೇ ಈ ಗಾಯವನ್ನು ಮುಚ್ಚುವ ವಿಧಾನವೂ ಇದೆ. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 26 ವಾರ ತುಂಬುವ ಮೊದಲೇ ಗರ್ಭದೊಳಗೆ ಚಿಕಿತ್ಸೆ ಪಡೆದ ಶಿಶುಗಳಲ್ಲಿ ಶೇಕಡ 40ರಷ್ಟು ಮಂದಿಗೆ ಮಾತ್ರ ಒಂದು ವರ್ಷದೊಳಗೆ ಶಂಟ್ ಬೇಕಾಯಿತು. ಹುಟ್ಟಿದ ಬಳಿಕ ಚಿಕಿತ್ಸೆ ಪಡೆದವರಲ್ಲಿ ಅದು ಶೇಕಡ 82. ಅವಧಿಗೆ ಮುನ್ನ ಹೆರಿಗೆ, ತಾಯಿಯ ಗರ್ಭಕೋಶಕ್ಕೆ ಅಪಾಯ ಇವು ಅದರ ಬೆಲೆ. ನಮ್ಮ ಬಹುತೇಕ ಕುಟುಂಬಗಳ ಮಟ್ಟಿಗೆ ಇದು ಸದ್ಯಕ್ಕೆ ದೂರದ ಮಾತು.

ಮಿದುಳಿನಲ್ಲಿ ನೀರು: ಶಂಟ್ ಎಂಬ ಕೊಳವೆ

ಮಿದುಳಿನೊಳಗಿನ ಕೋಣೆಗಳಲ್ಲಿ ತಿಳಿಯಾದ ದ್ರವ ಎಡೆಬಿಡದೆ ಉತ್ಪತ್ತಿಯಾಗಿ, ಸಣ್ಣ ದಾರಿಗಳ ಮೂಲಕ ಹರಿದು, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಸಂಚರಿಸಿ ರಕ್ತಕ್ಕೆ ಸೇರುತ್ತದೆ. ವಯಸ್ಕರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವ ಹೀಗೆ ಉತ್ಪತ್ತಿಯಾಗುತ್ತದೆ. ಯಾವುದೇ ಕ್ಷಣದಲ್ಲಿ ಒಳಗಿರುವುದು ಸುಮಾರು 150 ಮಿಲಿಲೀಟರ್ ಮಾತ್ರ. ದಾರಿ ಕಟ್ಟಿದರೆ ಕೋಣೆಗಳು ಹಿಗ್ಗಿ ಮಿದುಳನ್ನು ಒಳಗಿನಿಂದಲೇ ಬುರುಡೆಗೆ ಅದುಮುತ್ತವೆ. ಸಂದುಗಳು ಇನ್ನೂ ಕೂಡಿಕೊಳ್ಳದ ಹಸುಳೆಯಲ್ಲಿ ತಲೆಯೇ ದೊಡ್ಡದಾಗುತ್ತ ಹೋಗುತ್ತದೆ. ಇದನ್ನು ಹೈಡ್ರೊಸೆಫಾಲಸ್ ಅಥವಾ ಜಲಮಸ್ತಿಷ್ಕ ಎನ್ನುತ್ತಾರೆ. ಹುಟ್ಟಿನಿಂದಲೇ ದ್ರವದ ಕಾಲುವೆ ಕಿರಿದಾಗಿರುವುದು, ಹಿಂಮಿದುಳಿನ ರಚನೆಯ ದೋಷ, ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಮಿದುಳಿನೊಳಗೆ ರಕ್ತಸ್ರಾವ, ಹುಟ್ಟಿದ ಹೊಸತರಲ್ಲಿ ತಗುಲಿದ ಮಿದುಳಿನ ಪೊರೆಯ ಸೋಂಕು, ಇವೆಲ್ಲ ಕಾರಣಗಳು.

ಲಕ್ಷಣಗಳು ಬರಿಗಣ್ಣಿಗೆ ಕಾಣುವಂಥವೇ. ತಲೆ ಬೇಗ ಬೇಗ ಹಿಗ್ಗುತ್ತದೆ, ನೆತ್ತಿಯ ರಕ್ತನಾಳಗಳು ಎದ್ದು ಕಾಣುತ್ತವೆ, ಮಗು ಹಾಲು ಕುಡಿಯದೆ ಕಕ್ಕುತ್ತದೆ, ಮಂಕಾಗಿ ಮಲಗುತ್ತದೆ. ಕಣ್ಣಪಾಪೆಗಳು ಕೆಳಕ್ಕಿಳಿದು ಮೇಲುಗಡೆಯ ಬಿಳಿ ಭಾಗ ಕಾಣಿಸತೊಡಗಿದರೆ ಒತ್ತಡ ಹೆಚ್ಚಾಗಿದೆ ಎಂದೇ ಅರ್ಥ. ಮುಳುಗುವ ಸೂರ್ಯನಿಗೆ ಇದನ್ನು ಹೋಲಿಸುವುದು ವೈದ್ಯರ ವಾಡಿಕೆ. ನೆತ್ತಿ ತೆರೆದಿರುವವರೆಗೆ ಅದರ ಮೂಲಕವೇ ಅಲ್ಟ್ರಾಸೌಂಡ್ ಮಾಡಿ ಕೋಣೆಗಳ ಗಾತ್ರ ನೋಡಬಹುದು. ಆ ಯಂತ್ರಕ್ಕಾಗಿ ಬೆಂಗಳೂರಿಗೇ ಓಡಬೇಕಾಗಿಲ್ಲ. ಮುಂದಿನ ವಿವರಕ್ಕೆ ಎಂಆರ್‌ಐ ಬೇಕಾಗುತ್ತದೆ.

ಬಹುಕಾಲದಿಂದ ಇರುವ ಮುಖ್ಯ ಚಿಕಿತ್ಸೆಯೆಂದರೆ ಶಂಟ್. ತೆಳುವಾದ ಸಿಲಿಕೋನ್ ಕೊಳವೆಯ ಒಂದು ತುದಿ ಮಿದುಳಿನ ಕೋಣೆಯಲ್ಲಿ, ನಡುವಿನ ಕವಾಟ ತಲೆಯ ಚರ್ಮದ ಕೆಳಗೆ, ಇನ್ನೊಂದು ತುದಿ ಕತ್ತು ಮತ್ತು ಎದೆಯ ಚರ್ಮದಡಿಯಲ್ಲಿ ಸಾಗಿ ಹೊಟ್ಟೆಯೊಳಗೆ. ಮಗು ಎತ್ತರವಾದಂತೆ ಸಾಕಾಗಲೆಂದು ಹೊಟ್ಟೆಯಲ್ಲಿ ಹೆಚ್ಚುವರಿ ಉದ್ದ ಬಿಟ್ಟಿರುತ್ತಾರೆ. ಈ ಕವಾಟದ ಹಿಂದೆ ಒಬ್ಬ ತಂದೆಯ ಕತೆಯಿದೆ. ಅಮೆರಿಕದ ಬೀಗದ ಕಾರ್ಖಾನೆಯೊಂದರ ತಂತ್ರಜ್ಞ ಜಾನ್ ಹೋಲ್ಟರ್ ಅವರ ಮಗ ಬೆನ್ನುಹುರಿಯ ದೋಷ ಮತ್ತು ಜಲಮಸ್ತಿಷ್ಕದೊಂದಿಗೆ ಹುಟ್ಟಿದ. ಶಸ್ತ್ರವೈದ್ಯ ಯೂಜೀನ್ ಸ್ಪಿಟ್ಜ್ ಅವರ ಒಡನಾಟದಲ್ಲಿ ಹೋಲ್ಟರ್ 1956ರಲ್ಲಿ ಒಮ್ಮುಖವಾಗಿ ಮಾತ್ರ ಹರಿಯಗೊಡುವ ಸಿಲಿಕೋನ್ ಕವಾಟವನ್ನು ರೂಪಿಸಿದರು. ಮಗ ಕೆಲವೇ ವರ್ಷ ಬದುಕಿದ. ಕವಾಟ ಜಗತ್ತಿನಾದ್ಯಂತ ಉಳಿಯಿತು.

ಆಮದು ಶಂಟ್‌ಗಳ ಬೆಲೆ ನಮ್ಮ ಕುಟುಂಬಗಳಿಗೆ ನಿಲುಕದ ಕಾಲವಿತ್ತು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಮಕ್ಕಳ ಶಸ್ತ್ರತಜ್ಞ ಡಾ. ಪುರುಷೋತ್ತಮ ಉಪಾಧ್ಯಾಯ ಅವರ ಹೆಸರಿನ ಶಂಟ್, ಉತ್ತರ ಪ್ರದೇಶದಲ್ಲಿ ತಯಾರಾಗುವ ಛಾಬ್ರಾ ಶಂಟ್ ಆ ಕೊರತೆಯನ್ನು ತುಂಬಿದವು. ಅಗ್ಗದ್ದು ಕಳಪೆಯಿರಬಹುದೆಂಬ ಅನುಮಾನ ಸಹಜ. ಉಗಾಂಡದಲ್ಲಿ ದುಡಿದ ಅಮೆರಿಕದ ನರಶಸ್ತ್ರತಜ್ಞ ಬೆಂಜಮಿನ್ ವಾರ್ಫ್ ಛಾಬ್ರಾ ಶಂಟನ್ನು ಹಲವು ಪಟ್ಟು ದುಬಾರಿಯಾದ ಶಂಟ್ ಒಂದರೊಡನೆ ಹೋಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಎರಡನೆಯ ಮಾರ್ಗ ದುರ್ಬೀನು ಶಸ್ತ್ರಚಿಕಿತ್ಸೆ. ತೆಳುವಾದ ಎಂಡೋಸ್ಕೋಪನ್ನು ಒಳಕ್ಕಿಳಿಸಿ ಮಿದುಳಿನ ಮೂರನೆಯ ಕೋಣೆಯ ತಳದಲ್ಲಿ ಒಂದು ರಂಧ್ರ ಮಾಡಿ ದ್ರವಕ್ಕೆ ಹೊಸ ದಾರಿ ಕೊಡುತ್ತಾರೆ. ದೇಹದಲ್ಲಿ ಕೊಳವೆ ಉಳಿಯದಿರುವುದು ಇದರ ದೊಡ್ಡ ಲಾಭ. ಆದರೆ ಆರು ತಿಂಗಳಿಗಿಂತ ಚಿಕ್ಕ ಮಕ್ಕಳಲ್ಲಿ ಇದೊಂದೇ ಫಲಿಸುವ ಸಾಧ್ಯತೆ ಕಡಿಮೆ. ದ್ರವ ಸ್ರವಿಸುವ ಅಂಗಾಂಶವನ್ನೂ ಅದೇ ವೇಳೆ ಸುಡುವ ಕ್ರಮವನ್ನು ವಾರ್ಫ್ ಬೆಳೆಸಿದರು. ಸೋಂಕಿನ ನಂತರ ಜಲಮಸ್ತಿಷ್ಕ ಬಂದ 100 ಹಸುಳೆಗಳ ಮೇಲೆ ಉಗಾಂಡದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ವಿಧಾನಕ್ಕೂ ಶಂಟ್‌ಗೂ, ಒಂದು ವರ್ಷದ ಬೌದ್ಧಿಕ ಬೆಳವಣಿಗೆಯಲ್ಲಿ ಗಮನಾರ್ಹ ಅಂತರ ಕಂಡುಬರಲಿಲ್ಲ. ಯಾವ ಮಗುವಿಗೆ ಯಾವುದು ಎಂಬುದು ವಯಸ್ಸು, ಕಾರಣ ಹಾಗೂ ವೈದ್ಯರ ಅನುಭವ ನೋಡಿ ಆಗುವ ತೀರ್ಮಾನ.

ಶಂಟ್ ಹಾಕಿಸಿಕೊಂಡು ಊರಿಗೆ ಮರಳಿದ ಮೇಲೆ ಎಲ್ಲವೂ ಮುಗಿಯಿತೆಂದು ಭಾವಿಸುವುದೇ ನಾವು ಕಾಣುವ ದೊಡ್ಡ ತಪ್ಪು. ಉತ್ತರ ಅಮೆರಿಕದ ಉತ್ತಮ ಮಕ್ಕಳ ಆಸ್ಪತ್ರೆಗಳಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ ಎರಡು ವರ್ಷಗಳೊಳಗೆ ಸುಮಾರು ಅರ್ಧದಷ್ಟು ಶಂಟ್‌ಗಳು ಕೆಟ್ಟಿದ್ದವು. ಕಟ್ಟಿಕೊಳ್ಳುವುದು, ಬಿಚ್ಚಿಕೊಳ್ಳುವುದು, ಸೋಂಕಾಗುವುದು, ಮೂರೂ ಉಂಟು. ಶಂಟ್ ಇರುವ ಮಗು ಮೇಲಿಂದ ಮೇಲೆ ವಾಂತಿ ಮಾಡಿಕೊಂಡು ತೂಕಡಿಸುತ್ತಿದ್ದರೆ ಅದು ಅಜೀರ್ಣ, ದೃಷ್ಟಿ ತಾಕಿದ್ದು ಎಂದು ರಾತ್ರಿ ಕಳೆಯುವಂತಿಲ್ಲ. ಕೆಲವು ಗಂಟೆಗಳಲ್ಲೇ ಪ್ರಾಣಕ್ಕೆ ಕುತ್ತು ಬರಬಹುದು, ಬದುಕಿದರೂ ದೃಷ್ಟಿ ಹೋಗಬಹುದು. ಜ್ವರ ಬಂದು ಕೊಳವೆಯ ಹಾದಿಯುದ್ದಕ್ಕೂ ಚರ್ಮ ಕೆಂಪಾದರೆ ಸೋಂಕಿನ ಸೂಚನೆ. ರಾಜ್ಯದಲ್ಲಿ 2008ರಿಂದ ಇರುವ 108 ಆಂಬುಲೆನ್ಸ್‌ಗೆ ಕರೆ ಮಾಡುವಾಗಲೇ ‘ಮಗುವಿಗೆ ತಲೆಯಲ್ಲಿ ಶಂಟ್ ಇದೆ’ ಎಂದು ಹೇಳುವುದು ಒಳಿತು.

ಬೇಗ ಕೂಡಿಕೊಂಡ ಸಂದುಗಳು

ಇದು ತದ್ವಿರುದ್ಧವಾದ ತೊಂದರೆ. ಬುರುಡೆಯ ಒಂದು ಸಂದು ಅಥವಾ ಹಲವು ಸಂದುಗಳು ಕಾಲಕ್ಕೆ ಮೊದಲೇ ಬೆಸೆದುಕೊಳ್ಳುತ್ತವೆ. ಸುಮಾರು ಎರಡರಿಂದ ಎರಡೂವರೆ ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಬೆಸೆದ ಸಂದಿಗೆ ಅಡ್ಡಲಾಗಿ ಬೆಳವಣಿಗೆ ನಿಂತು, ಅದಕ್ಕೆ ಸಮಾನಾಂತರವಾಗಿ ಮುಂದುವರಿಯುತ್ತದೆ ಎಂಬುದನ್ನು ಜರ್ಮನಿಯ ರುಡಾಲ್ಫ್ ವಿರ್ಕೊ 1851ರಲ್ಲಿಯೇ ಗುರುತಿಸಿದ್ದರು. ನಡುನೆತ್ತಿಯ ಉದ್ದನೆಯ ಸಂದು ಬೆಸೆದರೆ ತಲೆ ದೋಣಿಯಂತೆ ಉದ್ದವಾಗುತ್ತದೆ. ಹಣೆಯ ಸಂದು ಬೆಸೆದರೆ ಹಣೆ ತ್ರಿಕೋನಾಕಾರ ತಾಳುತ್ತದೆ. ಮೂರು ನಾಲ್ಕು ತಿಂಗಳೊಳಗೆ ಬಂದರೆ ಸಣ್ಣ ಗಾಯದ ಮೂಲಕ ಎಂಡೋಸ್ಕೋಪ್ ಬಳಸಿ ಬೆಸೆದ ಪಟ್ಟಿಯನ್ನು ತೆಗೆದು, ಅನಂತರ ಕೆಲವು ತಿಂಗಳು ಅಚ್ಚಿನ ಶಿರಸ್ತ್ರಾಣ ತೊಡಿಸಬಹುದು. ತಡವಾದರೆ ಬುರುಡೆಯ ಮೂಳೆಗಳನ್ನು ಬಿಡಿಸಿ ಮರುಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯೇ ಆಗಬೇಕು. ಅದಕ್ಕೆ ರಕ್ತವೂ ಬೇಕು, ಪ್ಲಾಸ್ಟಿಕ್ ಶಸ್ತ್ರತಜ್ಞರ ನೆರವೂ ಬೇಕು.

ಆದರೆ ಓರೆ ತಲೆಯೆಲ್ಲ ರೋಗವಲ್ಲ. ಒಂದೇ ಮಗ್ಗುಲಿಗೆ ಮಲಗುವ ಮಗುವಿನ ತಲೆ ಆ ಕಡೆ ಚಪ್ಪಟೆಯಾಗುವುದು ಸಾಮಾನ್ಯ. ಮಲಗಿಸುವ ದಿಕ್ಕು ಬದಲಿಸಿ, ಎಚ್ಚರವಿದ್ದಾಗ ಬೋರಲಾಗಿ ಆಡಗೊಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇನ್ನು, ನೀರು ಹಾಕುವಾಗ ತಲೆ ತಟ್ಟಿ ದುಂಡಗೆ ಮಾಡುವ ಪದ್ಧತಿಯಿಂದ ಬೆಸೆದ ಸಂದು ಬಿಡುವುದಿಲ್ಲ.

ಇಲ್ಲಿಯೇ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ತಲೆ ತೀರ ಚಿಕ್ಕದಾಗಿರುವ ಮಕ್ಕಳನ್ನು ಕರೆತಂದು ‘ಬುರುಡೆ ಬಿಚ್ಚಿದರೆ ಮಿದುಳು ಬೆಳೆಯುವುದಲ್ಲವೆ?’ ಎಂದು ಕೇಳುವ ತಂದೆತಾಯಂದಿರಿದ್ದಾರೆ. ಸಂದುಗಳು ಬೆಸೆದು ತಲೆ ಚಿಕ್ಕದಾಗುವುದು ಬೇರೆ, ಮಿದುಳೇ ಬೆಳೆಯದ್ದರಿಂದ ತಲೆ ಚಿಕ್ಕದಾಗಿ ಉಳಿಯುವುದು ಬೇರೆ. ಎರಡನೆಯದಕ್ಕೆ ಶಸ್ತ್ರಚಿಕಿತ್ಸೆಯಿಂದ ಏನೂ ಪ್ರಯೋಜನವಿಲ್ಲ. ಆ ಹೆಸರಿನಲ್ಲಿ ಹಣ ಕೇಳುವವರು ಇದ್ದರೆ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯಬೇಕು.

ಹೋಗುವುದೆಲ್ಲಿಗೆ?

1974ರಲ್ಲಿ ರೂಪುಗೊಂಡು 2012ರಲ್ಲಿ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯಾದ ನಿಮ್ಹಾನ್ಸ್, ಅದರ ಸನಿಹದಲ್ಲೇ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸಾರ್ವಜನಿಕ ವಲಯದ ಮುಖ್ಯ ತಾಣಗಳು. ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆಯ ನರಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಚಿಕಿತ್ಸೆ ಉಚಿತ. ಜಿಲ್ಲೆಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯಲ್ಲಿ 2023ರ ಮಾರ್ಚ್‌ನಲ್ಲಿ ಉಚಿತ ಶಿಕ್ಷಣದ ವೈದ್ಯಕೀಯ ಕಾಲೇಜೊಂದು ಉದ್ಘಾಟನೆಯಾಯಿತು. ಮೊದಲ ತಪಾಸಣೆಗೆ, ಮಕ್ಕಳ ತಜ್ಞರ ಅಭಿಪ್ರಾಯಕ್ಕೆ ಇವು ನೆರವಾಗಬಲ್ಲವು.

ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಹಾಗೂ ಶಾಲೆಗಳಲ್ಲಿ ಮಕ್ಕಳನ್ನು ತಪಾಸಿಸುತ್ತವೆ. ನರನಾಳದ ದೋಷ ಅವುಗಳ ಪಟ್ಟಿಯಲ್ಲಿದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತುರ್ತು ಸಂದರ್ಭದಲ್ಲಿ ಅದಕ್ಕಾಗಿ ಕಾಯಬೇಕಿಲ್ಲ. ಯೋಜನೆ ಶಸ್ತ್ರಚಿಕಿತ್ಸೆಯ ಖರ್ಚು ಭರಿಸುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ದಂಪತಿ ವಾರಗಟ್ಟಲೆ ಆಸ್ಪತ್ರೆಯ ಹೊರಗೆ ಕಾದು ಕಳೆದುಕೊಳ್ಳುವ ಕೂಲಿಯನ್ನು ಯಾವ ಯೋಜನೆಯೂ ಭರಿಸುವುದಿಲ್ಲ. ತಪ್ಪಿಹೋಗುವ ಮರುತಪಾಸಣೆಗಳಲ್ಲಿ ಹಲವಕ್ಕೆ ಕಾರಣ ಅಜ್ಞಾನವಲ್ಲ, ಇದು.

ತಡವಾಗಿ ಬರುವ ಮಾತ್ರೆ

ನರನಾಳದ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದೆಂಬುದು ಈಗ ಊಹೆಯಲ್ಲ. 1991ರಲ್ಲಿ ಪ್ರಕಟವಾದ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗದಲ್ಲಿ, ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರು ಗರ್ಭ ಧರಿಸುವ ಮುನ್ನವೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಸೇವಿಸತೊಡಗಿದಾಗ ಮತ್ತೆ ದೋಷ ಬರುವ ಸಾಧ್ಯತೆ ಶೇಕಡ 72ರಷ್ಟು ತಗ್ಗಿತು. ಇತರ ಮಹಿಳೆಯರಿಗೆ ದಿನಕ್ಕೆ 400 ಮೈಕ್ರೊಗ್ರಾಂ ಸಾಕು. ತೊಡಕಿರುವುದು ದಿನಗಳ ಲೆಕ್ಕದಲ್ಲಿ. ಮುಟ್ಟು ನಿಂತು, ಖಚಿತಪಡಿಸಿಕೊಂಡು, ಆಶಾ ಕಾರ್ಯಕರ್ತೆ ಹೆಸರು ನೋಂದಾಯಿಸಿ, ಮಾತ್ರೆ ಕೈಸೇರುವಷ್ಟರಲ್ಲಿ ಎರಡು ಮೂರು ತಿಂಗಳು ಉರುಳಿರುತ್ತವೆ. ನರನಾಳ 28ನೆಯ ದಿನಕ್ಕೇ ಮುಚ್ಚಿರುತ್ತದೆ, ಇಲ್ಲವೆ ಮುಚ್ಚದೆ ಉಳಿದಿರುತ್ತದೆ. ಆ ಮಾತ್ರೆ ರಕ್ತಹೀನತೆಗೆ ಒಳ್ಳೆಯದು. ಈ ದೋಷವನ್ನು ತಡೆಯಲಾರದು. ಮದುವೆಯ ಹೊಸತರಲ್ಲೇ ಮಾತ್ರೆ ಆರಂಭಿಸಬೇಕೆಂದರೆ ನಮ್ಮ ಮನೆಗಳಲ್ಲಿ ಸಂಕೋಚ ಅಡ್ಡಬರುತ್ತದೆ.

ಕರ್ನಾಟಕಕ್ಕೆ ಈ ಪ್ರಶ್ನೆ ಹೊಸದಲ್ಲ. ದಾವಣಗೆರೆಯ ಮಕ್ಕಳ ತಜ್ಞ ಡಾ. ಎಂ.ಎಲ್. ಕುಲಕರ್ಣಿ ಮತ್ತು ಸಂಗಡಿಗರು 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿ ಸಾವಿರ ಜನನಗಳಲ್ಲಿ 11.4ರಷ್ಟು ನರನಾಳದ ದೋಷ ಕಂಡುಬಂದಿತ್ತು. ಆಸ್ಪತ್ರೆಯ ಎಣಿಕೆಯಲ್ಲಿ ಕಠಿಣ ಹೆರಿಗೆಗಳೇ ಹೆಚ್ಚು ಸೇರುವುದುಂಟಾದರೂ ಆ ಅಂಕಿ ಅಂದು ಜಗತ್ತಿನಲ್ಲಿಯೇ ಅತಿ ಹೆಚ್ಚಿನವುಗಳ ಸಾಲಿನಲ್ಲಿತ್ತು. ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮ ಕನ್ನಡ ತೆಲುಗು ಗಡಿಸೀಮೆಯಲ್ಲಿ ಅಪರೂಪವಲ್ಲ ಎಂಬುದನ್ನು ಓದುಗರು ಬಲ್ಲರು.

ಅಮೆರಿಕ 1998ರಿಂದ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವುದನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ ಕಿಲೋಗೆ 75ರಿಂದ 125 ಮೈಕ್ರೊಗ್ರಾಂ ಫೋಲಿಕ್ ಆಮ್ಲವಿರಬೇಕೆಂಬುದು ನಿಯಮ. ದಿನಕ್ಕೆ ಅರ್ಧ ಕಿಲೋ ಅಕ್ಕಿ ಉಂಡರೂ ಬೇಕಾದ 400 ಮೈಕ್ರೊಗ್ರಾಂನ ಆರನೆಯ ಒಂದು ಪಾಲನ್ನು ಅದು ಮುಟ್ಟುವುದಿಲ್ಲ. ಅದರ ಮೇಲೆ ನಮ್ಮ ಸೀಮೆಯ ಊಟದಲ್ಲಿ ರಾಗಿಮುದ್ದೆಯೂ ಇದೆ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಈ ದೋಷಗಳನ್ನು ತಡೆಯಲು ಆಹಾರಕ್ಕೆ ಫೋಲಿಕ್ ಆಮ್ಲ ಬೆರೆಸುವ ನಿರ್ಣಯ ಅಂಗೀಕರಿಸಿದೆ. ಅಲ್ಲಿಯವರೆಗೆ ಮಾತ್ರೆಯೇ ಗತಿ. ಮೂರ್ಛೆರೋಗಕ್ಕೆ ವಾಲ್‌ಪ್ರೊಯೇಟ್ ಸೇವಿಸುವ ಮಹಿಳೆಯರಲ್ಲಿ ಅಪಾಯ ಹೆಚ್ಚು. ಅವರು ಔಷಧವನ್ನು ತಾವಾಗಿ ನಿಲ್ಲಿಸದೆ, ಗರ್ಭಕ್ಕೆ ಮುಂಚೆಯೇ ವೈದ್ಯರೊಡನೆ ಮಾತನಾಡಬೇಕು.

ಗರ್ಭದ 18ರಿಂದ 20ನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ಈ ದೋಷಗಳಲ್ಲಿ ಬಹುಪಾಲು ಕಾಣಿಸುತ್ತವೆ. 2021ರ ತಿದ್ದುಪಡಿಯ ಬಳಿಕ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರ ಮೀರಿದ ಮೇಲೂ ವೈದ್ಯಕೀಯ ಮಂಡಳಿಯ ಒಪ್ಪಿಗೆಯಿಂದ ಗರ್ಭಪಾತಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಮಗುವನ್ನು ಉಳಿಸಿಕೊಳ್ಳುವುದಾದರೆ ಹೆರಿಗೆಯನ್ನೇ ನರಶಸ್ತ್ರಚಿಕಿತ್ಸೆ ಇರುವ ಊರಿನಲ್ಲಿ ಮಾಡಿಸಲು ಈ ತಿಳಿವಳಿಕೆ ಸಮಯ ಕೊಡುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಂದ ಸ್ಕ್ಯಾನಿಂಗ್ ಗಂಡನ ಊರಿನಲ್ಲಿ, ಹೆರಿಗೆ ಇನ್ನೊಂದು ತಾಲ್ಲೂಕಿನಲ್ಲಿ ಆಗುವುದರಿಂದ ವರದಿಯ ಕಾಗದ ಬಸುರಿಯ ಜೊತೆಯಲ್ಲೇ ಪಯಣಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ಕೊಡುವ ಬಿಡುಗಡೆ ಪತ್ರವೂ ಅಷ್ಟೇ. ಶಂಟ್‌ನ ಹೆಸರು, ಅದರ ಒತ್ತಡದ ಮಟ್ಟ, ಹಾಕಿದ ದಿನಾಂಕ ಅದರಲ್ಲಿರುತ್ತವೆ. ಇಪ್ಪತ್ತು ವರ್ಷಗಳ ಬಳಿಕ ಆ ಮಗು ಬೇರೆ ಊರಿನ ಕಾಲೇಜು ಸೇರಿದಾಗ, ಮದುವೆಯಾಗಿ ತಾನೇ ಬಸುರಿಯಾದಾಗ, ವೈದ್ಯರು ಮೊದಲು ಕೇಳುವುದು ಅದನ್ನೇ.